ಮಕ್ಕಳ ಸಾಧನೆಯ ಛಲ: ಮನೆಯ ಪಾಲೆಷ್ಟು?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಒಂದು ಚಿತ್ರ ತಪ್ಪದೇ ಕಾಣಿಸಿಕೊಳ್ಳುತ್ತದೆ. ತಂದೆ ಒಂದು ಬದಿ, ತಾಯಿ ಇನ್ನೊಂದು ಬದಿ ನಿಂತು ಮಗಳ ಬಾಯಿಗೆ ಸಿಹಿ ಇಡುವ ಚಿತ್ರ. 2024ರ ಮೇ ತಿಂಗಳಲ್ಲಿ ಆ ಸ್ಥಾನ ದಕ್ಕಿದ್ದು ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರ ವಿದ್ಯಾರ್ಥಿನಿಗೆ. ರೈತ ಕುಟುಂಬದ ಹುಡುಗಿ. 625ಕ್ಕೆ 625 ಅಂಕ. ಛಲವಿದ್ದರೆ ಬಡತನ ಅಡ್ಡಿಯಲ್ಲ ಎಂಬ ಮಾತು ಅಂದು ರಾಜ್ಯದ ಉದ್ದಗಲಕ್ಕೂ ಕೇಳಿಬಂತು. ಆ ಬಾಲಕಿಯ ಸಾಧನೆ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ದಿನದ ಉಳಿದ ಅಂಕಿಅಂಶಗಳು ಬೇರೆಯದನ್ನೇ ಹೇಳುತ್ತಿದ್ದವು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ ಮೊದಲ ವರ್ಷವದು. ಹಿಂದಿನ ವರ್ಷ ಶೇ 83.89ರಷ್ಟಿದ್ದ ಉತ್ತೀರ್ಣ ಪ್ರಮಾಣ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ನಂತರ. ಉಡುಪಿ ಜಿಲ್ಲೆಯಲ್ಲಿ ನೂರಕ್ಕೆ 94 ಮಂದಿ ತೇರ್ಗಡೆಯಾದರೆ, ಯಾದಗಿರಿಯಲ್ಲಿ ತೇರ್ಗಡೆಯಾದವರು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಛಲವೊಂದೇ ಸಾಧನೆಯ ಮೂಲವಾಗಿದ್ದರೆ, ಯಾದಗಿರಿಯ ಅರ್ಧದಷ್ಟು ಮಕ್ಕಳಿಗೆ ಛಲವೇ ಇಲ್ಲವೆಂದು ಒಪ್ಪಬೇಕಾಗುತ್ತದೆ. ಒಂದು ಜಿಲ್ಲೆಯಲ್ಲಿ ಉಕ್ಕಿ ಹರಿದು ಇನ್ನೊಂದರಲ್ಲಿ ಬತ್ತಿಹೋಗಲು ಛಲವೇನು ಅಂತರ್ಜಲವೇ?

ಛಲ ಮಗುವಿನೊಳಗೆ ಹುಟ್ಟಿನಿಂದಲೇ ಇರುವ ಗುಣ ಎಂದು ನಂಬುವುದು ಸುಲಭ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯೇ ಇದೆಯಲ್ಲ. ಮನಶ್ಶಾಸ್ತ್ರಜ್ಞರು ಈ ನಂಬಿಕೆಯನ್ನು ಪ್ರಶ್ನಿಸತೊಡಗಿ ಏಳು ದಶಕಗಳೇ ಕಳೆದಿವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮೆಕ್‌ಲೆಲೆಂಡ್ 'ಸಾಧನಾ ಪ್ರೇರಣೆ' ಎಂಬ ಪರಿಕಲ್ಪನೆಯನ್ನು ಬೆಳೆಸಿದವರು. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವರ್ತಕರಿಗೆ ಈ ಪ್ರೇರಣೆಯ ತರಬೇತಿ ನೀಡಿದ ಪ್ರಯೋಗದಿಂದಾಗಿ ಅವರ ಹೆಸರು ಭಾರತದಲ್ಲೂ ಪರಿಚಿತ. ಸಾಧಿಸುವ ಹಂಬಲವುಳ್ಳವರು ತೀರಾ ಸುಲಭದ ಗುರಿಯನ್ನಾಗಲಿ, ಕೈಗೆಟುಕದ ಗುರಿಯನ್ನಾಗಲಿ ಆರಿಸಿಕೊಳ್ಳುವುದಿಲ್ಲ. ತುಸು ಬೆವರು ಸುರಿಸಿದರೆ ದಕ್ಕಬಹುದಾದುದನ್ನು ಆರಿಸಿಕೊಳ್ಳುತ್ತಾರೆ ಎಂಬುದು ಅವರ ಮುಖ್ಯ ಕಾಣ್ಕೆಗಳಲ್ಲೊಂದು. ಹಾಗಾದರೆ ಈ ಹಂಬಲ ಮೊಳೆಯುವುದೆಲ್ಲಿ?

ಇದೇ ಜಾಡಿನಲ್ಲಿ 1959ರಲ್ಲಿ ಬರ್ನಾರ್ಡ್ ರೋಸೆನ್ ಮತ್ತು ರಾಯ್ ಡಿ'ಆಂಡ್ರಾಡೆ ಪ್ರಕಟಿಸಿದ ಅಧ್ಯಯನವೊಂದು ಇಂದಿಗೂ ಮೆಲುಕು ಹಾಕಲು ಯೋಗ್ಯವಾದುದು. ಒಂಬತ್ತರಿಂದ ಹನ್ನೊಂದು ವರ್ಷದ ನಲವತ್ತು ಹುಡುಗರನ್ನು ಅವರ ತಂದೆತಾಯಿಯರ ಎದುರೇ ಕೂರಿಸಿ ಕೆಲವು ಕೆಲಸಗಳನ್ನು ಕೊಡಲಾಯಿತು. ಅದರಲ್ಲೊಂದು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದೇ ಕೈಯಲ್ಲಿ, ಅಂಕುಡೊಂಕಾದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಹೆತ್ತವರು ಮಾತಾಡಬಹುದು, ಮುಟ್ಟುವಂತಿಲ್ಲ. ಮಗ ಎಷ್ಟು ತುಂಡುಗಳನ್ನು ಪೇರಿಸಬಲ್ಲ ಎಂದು ಮೊದಲೇ ಅಂದಾಜು ಹೇಳಬೇಕು.

ಸಾಧನಾ ಪ್ರೇರಣೆ ಹೆಚ್ಚಿದ್ದ ಹುಡುಗರ ಹೆತ್ತವರು ಹೇಳಿದ ಅಂದಾಜು ಎತ್ತರದ್ದಾಗಿತ್ತು. ಕೆಲಸ ಸಾಗುವಾಗ ಅವರು ಹುರಿದುಂಬಿಸಿದರು, ನಕ್ಕರು, ತುಂಡುಗಳು ಉರುಳಿದಾಗ ರೇಗಲಿಲ್ಲ. ಪ್ರೇರಣೆ ಕಡಿಮೆಯಿದ್ದ ಹುಡುಗರ ತಂದೆಯರ ವರ್ತನೆ ಬೇರೆಯಾಗಿತ್ತು. ಹೀಗಿಡು, ಹಾಗಿಡಬೇಡ, ಎಡಕ್ಕೆ ಸರಿಸು ಎಂದು ಹೆಜ್ಜೆಹೆಜ್ಜೆಗೂ ಆದೇಶ. ಕೆಲಸ ಕೆಟ್ಟರೆ ಸಿಡಿಮಿಡಿ. ಪ್ರಯೋಗ ಸಣ್ಣದು, ಹುಡುಗರಿಗಷ್ಟೇ ಸೀಮಿತವಾದುದು, ಆ ಕಾಲದ ಅಮೆರಿಕದ ಕುಟುಂಬಗಳದ್ದು. ಆದರೂ ಅದು ಎತ್ತಿ ತೋರಿಸಿದ ಭೇದ ಸೂಕ್ಷ್ಮವಾದುದು. ನಿರೀಕ್ಷೆ ಬೇರೆ, ನಿಯಂತ್ರಣ ಬೇರೆ. ಮಗುವಿನಿಂದ ಹೆಚ್ಚಿನದನ್ನು ನಿರೀಕ್ಷಿಸಿದ ಮನೆಯಲ್ಲಿ ಛಲ ಬೆಳೆಯಿತು. ಮಗುವಿನ ಕೈ ಹಿಡಿದು ತಾನೇ ತುಂಡು ಜೋಡಿಸಲು ಹವಣಿಸಿದ ಮನೆಯಲ್ಲಿ ಬೆಳೆಯಲಿಲ್ಲ.

ಕರ್ನಾಟಕದ ನಗರಗಳ ಮಧ್ಯಮ ವರ್ಗದ ಮನೆಗಳಲ್ಲಿ ಇಂದು ಈ ಎರಡೂ ಬೆರೆತುಹೋಗಿವೆ. ಹತ್ತನೇ ತರಗತಿ ಮುಗಿಯುವ ಮೊದಲೇ ವಿಜ್ಞಾನ ವಿಭಾಗ ನಿಶ್ಚಯವಾಗಿರುತ್ತದೆ. ಯಾವ ಪಿಯು ಕಾಲೇಜು, ಯಾವ ಕೋಚಿಂಗ್, ಎಷ್ಟು ಗಂಟೆಗೆ ಏಳಬೇಕು ಎಂಬುದೆಲ್ಲ ಹಿರಿಯರ ತೀರ್ಮಾನ. ಉತ್ತರ ಕರ್ನಾಟಕದಿಂದ ಕರಾವಳಿಯ ವಸತಿ ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುವುದು ಸಾಮಾನ್ಯವಾಗಿದೆ; ಇನ್ನೂ ಅನುಕೂಲವಿದ್ದವರ ಕಣ್ಣು ರಾಜಸ್ಥಾನದ ಕೋಟಾದ ಮೇಲೆ. 2024ರಲ್ಲಿ ನೀಟ್ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಒಬ್ಬರಿಗಷ್ಟೇ ಸೀಟು ಸಿಗುವ ಈ ಸ್ಪರ್ಧೆಗೆ ಇಡೀ ಕುಟುಂಬದ ಉಳಿತಾಯ, ಸಾಲ, ಮಾನ ಎಲ್ಲವನ್ನೂ ಪಣವಾಗಿಟ್ಟು ಮಗುವನ್ನು ಕಳುಹಿಸಲಾಗುತ್ತದೆ. ಮೆಕ್‌ಲೆಲೆಂಡ್ ಹೇಳಿದ 'ಕೈಗೆಟುಕಬಹುದಾದ ಗುರಿ'ಗೂ ಇದಕ್ಕೂ ಸಂಬಂಧವಿಲ್ಲ. ಮೇಲಾಗಿ ಗುರಿ ಮಗುವಿನದೇ ಅಲ್ಲ.

ಇದರ ಬೆಲೆ ಏನೆಂಬುದು ಸರ್ಕಾರಿ ದಾಖಲೆಗಳಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಶರಣಾದ ವಿದ್ಯಾರ್ಥಿಗಳ ಸಂಖ್ಯೆ 13,044. ಇವೆಲ್ಲಕ್ಕೂ ಪರೀಕ್ಷೆಯೇ ಕಾರಣವೆಂದಲ್ಲ. ಆದರೆ 2023ರಲ್ಲಿ ಕೋಟಾದ ಆಡಳಿತವು ವಸತಿನಿಲಯಗಳ ಫ್ಯಾನುಗಳಿಗೆ ಸ್ಪ್ರಿಂಗ್ ಅಳವಡಿಸಲು ಆದೇಶಿಸಬೇಕಾಗಿ ಬಂದದ್ದು, 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಮಾರ್ಗಸೂಚಿ ಹೊರಡಿಸಿದ್ದು ರೋಗದ ತೀವ್ರತೆಯನ್ನು ತೋರಿಸುತ್ತವೆ. ಫ್ಯಾನಿಗೆ ಸ್ಪ್ರಿಂಗ್ ಹಾಕಬಹುದು. 'ಸೀಟು ಸಿಗದೆ ಊರಿಗೆ ಹೇಗೆ ಹೋಗಲಿ' ಎಂಬ ಪ್ರಶ್ನೆಗೆ ಉತ್ತರವಿರುವುದು ಮನೆಯವರ ಬಳಿ.

ಸೋಲನ್ನು ಮನೆ ಹೇಗೆ ಸ್ವೀಕರಿಸುತ್ತದೆ ಎಂಬುದೇ ಈ ವಿಷಯದ ತಿರುಳು. ಈ ಬಗ್ಗೆ ಹೆಚ್ಚು ಚರ್ಚೆಗೊಳಗಾದದ್ದು ಕ್ಯಾರಲ್ ಡ್ವೆಕ್ ಅವರ ಸಂಶೋಧನೆ. 1998ರಲ್ಲಿ ಅವರು ಕ್ಲಾಡಿಯಾ ಮುಲ್ಲರ್ ಜತೆಗೂಡಿ ಐದನೇ ತರಗತಿಯ ಮಕ್ಕಳಿಗೆ ಕೆಲವು ಒಗಟುಗಳನ್ನು ಕೊಟ್ಟರು. ಬಿಡಿಸಿದ ನಂತರ ಕೆಲವರಿಗೆ 'ನೀನು ಬುದ್ಧಿವಂತ' ಎಂದೂ ಕೆಲವರಿಗೆ 'ಚೆನ್ನಾಗಿ ಶ್ರಮಪಟ್ಟಿದ್ದೀಯೆ' ಎಂದೂ ಹೊಗಳಲಾಯಿತು. ವ್ಯತ್ಯಾಸ ಒಂದೇ ವಾಕ್ಯದ್ದು. ಬಳಿಕ ಕಠಿಣ ಒಗಟುಗಳನ್ನು ಕೊಟ್ಟು ಮಕ್ಕಳು ಎಡವುವಂತೆ ಮಾಡಲಾಯಿತು. ಬುದ್ಧಿವಂತರೆನಿಸಿಕೊಂಡವರು ಬೇಗ ಕೈಚೆಲ್ಲಿದರು. ಮತ್ತೆ ಸುಲಭದ ಒಗಟು ಕೊಟ್ಟಾಗಲೂ ಮೊದಲಿಗಿಂತ ಕಡಿಮೆ ಅಂಕ ಪಡೆದರು. ತಮ್ಮ ಅಂಕವನ್ನು ಅಪರಿಚಿತ ಮಗುವಿಗೆ ಬರೆದು ತಿಳಿಸಲು ಹೇಳಿದಾಗ ಇವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಸುಳ್ಳು ಬರೆದರು. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಸುಳ್ಳು ಬರೆದವರು ತೀರಾ ಕಡಿಮೆ.

'ನಮ್ಮ ಹುಡುಗ ಬಲು ಜಾಣ, ಓದುವುದೇ ಬೇಡ' ಎಂದು ಬಂಧುಗಳ ಮುಂದೆ ಹೆಮ್ಮೆಪಡುವುದು ಕನ್ನಡದ ಮನೆಗಳಿಗೆ ಹೊಸತಲ್ಲ. ಪಕ್ಕದಲ್ಲೇ ನಿಂತ ತಮ್ಮನಿಗೆ 'ಇವನೊಬ್ಬ ದಡ್ಡ' ಎಂಬ ಪಟ್ಟವೂ ಸಿಕ್ಕಿರುತ್ತದೆ. ಜಾಣನೆನಿಸಿಕೊಂಡವನು ಆ ಹೆಸರು ಉಳಿಸಿಕೊಳ್ಳಲು ಕಷ್ಟದ ಲೆಕ್ಕಗಳಿಂದ ದೂರ ಸರಿಯುತ್ತಾನೆ. ದಡ್ಡನೆನಿಸಿಕೊಂಡವನಿಗೆ ಪ್ರಯತ್ನವೇ ನಿರರ್ಥಕವಾಗಿ ತೋರುತ್ತದೆ. ಒಂದೇ ಮಾತು ಇಬ್ಬರನ್ನೂ ಕೆಡಿಸುತ್ತದೆ.

ಬರೀ ಮಾತು ಬದಲಿಸಿದರೆ ಸಾಲದು ಎಂಬುದನ್ನು 2016ರಲ್ಲಿ ಕೈಲಾ ಹೈಮೋವಿಟ್ಸ್ ಮತ್ತು ಡ್ವೆಕ್ ಪ್ರಕಟಿಸಿದ ಇನ್ನೊಂದು ಅಧ್ಯಯನ ತೋರಿಸಿತು. ಬುದ್ಧಿಮತ್ತೆ ಬೆಳೆಯುತ್ತದೆ ಎಂದು ಹೆತ್ತವರು ನಂಬಿದ ಮಾತ್ರಕ್ಕೆ ಮಕ್ಕಳೂ ಹಾಗೆ ನಂಬುವುದಿಲ್ಲ. ಹೆತ್ತವರ ಮನಸ್ಸಿನಲ್ಲಿರುವುದು ಮಗುವಿಗೆ ಕಾಣುವುದಿಲ್ಲ; ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಸಂಜೆ ಅಮ್ಮನ ಮುಖ ಹೇಗಾಯಿತು, ಅಪ್ಪ ಏನು ಕೇಳಿದರು ಎಂಬುದು ಕಾಣುತ್ತದೆ. ಸೋಲನ್ನು ಅವಮಾನವೆಂದು ಬಗೆಯುವ ಹೆತ್ತವರ ಮಕ್ಕಳು ಬುದ್ಧಿ ಎಂದರೆ ಬದಲಾಗದ ವಸ್ತು ಎಂದುಕೊಳ್ಳುತ್ತಾರೆ. ಕಲಿಕೆಗೆ ಸಿಕ್ಕ ಸುಳಿವೆಂದು ಬಗೆಯುವವರ ಮಕ್ಕಳು ಹಾಗೆಂದುಕೊಳ್ಳುವುದು ಕಡಿಮೆ. ಗೋಡೆಗೆ ಸ್ಫೂರ್ತಿಯ ಘೋಷವಾಕ್ಯ ಅಂಟಿಸಿ, ಅಂಕಪಟ್ಟಿ ಕಂಡು ಊಟ ಬಿಡುವ ಮನೆಯಲ್ಲಿ ಮಗು ಓದಿಕೊಳ್ಳುವುದು ಗೋಡೆಯನ್ನಲ್ಲ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಸೇರಿಸಲೇಬೇಕು. ಮನೋಭಾವ ಬದಲಿಸಿದರೆ ಎಲ್ಲವೂ ಬದಲಾದೀತು ಎಂಬ ಮಾತು ಈಗ ದೊಡ್ಡ ವ್ಯಾಪಾರ. ಶಾಲೆಗಳಲ್ಲಿ ಅರ್ಧ ದಿನದ ಸ್ಫೂರ್ತಿ ಶಿಬಿರ ನಡೆಸುವವರಿಗೆ ಬರವಿಲ್ಲ. ಡ್ವೆಕ್ ಅವರ ಚಿಂತನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12 ಸಾವಿರ ಮಕ್ಕಳನ್ನು ಒಳಗೊಂಡಿತ್ತು. ಕಲಿಕೆಯಲ್ಲಿ ಹಿಂದುಳಿದವರ ಸರಾಸರಿ ದರ್ಜೆ ಏರಿದ್ದು ನಾಲ್ಕು ಅಂಶಗಳ ಮಾಪನದಲ್ಲಿ 0.10ರಷ್ಟು. ಒಂದು ಗಂಟೆಗೂ ಕಡಿಮೆ ಅವಧಿಯ ಪಾಠಕ್ಕೆ ಅದು ಕಡೆಗಣಿಸುವ ಫಲವಲ್ಲ, ಪವಾಡವಂತೂ ಅಲ್ಲ. ಸಹಪಾಠಿಗಳ ವಾತಾವರಣ ಪೂರಕವಾಗಿದ್ದ ಶಾಲೆಗಳಲ್ಲಿ ಮಾತ್ರ ಫಲ ಚೆನ್ನಾಗಿ ಕಂಡಿತು ಎಂಬುದು ಇಲ್ಲಿ ಗಮನಾರ್ಹ.

ಬಡ ಕುಟುಂಬಗಳ ವಿಷಯಕ್ಕೆ ಬಂದರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. ಅಲ್ಲಿನ ಮಕ್ಕಳಿಗೆ ತಾಳ್ಮೆಯಿಲ್ಲ, ಮುಂದಾಲೋಚನೆಯಿಲ್ಲ ಎಂಬ ದೂರು ಶಿಕ್ಷಕರ ಬಾಯಲ್ಲೇ ಕೇಳಿಬರುವುದುಂಟು. ಮಗುವಿನ ತಾಳ್ಮೆಯನ್ನು ಅಳೆಯುವ ಪ್ರಸಿದ್ಧ ಪ್ರಯೋಗ ವಾಲ್ಟರ್ ಮಿಶೆಲ್ ಅವರದು. ಮುಂದಿರುವ ಒಂದು ಮಿಠಾಯಿಯನ್ನು ಈಗಲೇ ತಿನ್ನದೆ ಕಾದರೆ ಎರಡು ಸಿಗುತ್ತವೆ ಎಂದು ಮಗುವಿಗೆ ಹೇಳಿ ಕಾಯಿಸುವ ಆ ಪ್ರಯೋಗದಲ್ಲಿ, ಹೆಚ್ಚು ಹೊತ್ತು ಕಾದವರು ಮುಂದೆ ಓದಿನಲ್ಲೂ ಮುಂದಾದರು ಎಂದು ದಶಕಗಳ ಕಾಲ ಬೋಧಿಸಲಾಯಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ, ಕುಟುಂಬದ ಹಿನ್ನೆಲೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ನಂಟು ಬಹುಪಾಲು ಕರಗಿಹೋಯಿತು.

ಅದಕ್ಕೂ ಮೊದಲೇ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮಾರ್ಮಿಕವಾದುದನ್ನು ಕಂಡುಕೊಂಡಿದ್ದರು. ಮಿಠಾಯಿ ಇಡುವ ಮೊದಲು ಮಕ್ಕಳಿಗೆ ಒಳ್ಳೆಯ ಬಣ್ಣದ ಸಾಮಗ್ರಿ ತಂದುಕೊಡುವುದಾಗಿ ಮಾತು ಕೊಡಲಾಯಿತು. ಒಂದು ಗುಂಪಿಗೆ ತಂದುಕೊಟ್ಟರು. ಇನ್ನೊಂದಕ್ಕೆ 'ಕ್ಷಮಿಸು, ಮುಗಿದುಹೋಗಿದೆ' ಎಂದರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಕಾದದ್ದು ಮೂರು ನಿಮಿಷ. ಕೊಟ್ಟ ಮಾತು ನಡೆಯದ ಜಗತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ತಕ್ಷಣ ತಿನ್ನುವುದೇ ವಿವೇಕವಲ್ಲವೇ?

ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವ ಕುಟುಂಬವನ್ನು ಈ ಬೆಳಕಿನಲ್ಲಿ ನೋಡಬೇಕು. ಮಳೆ ಬಂದರೆ ಊರು, ಬಾರದಿದ್ದರೆ ಗುಳೆ. ಮಗು ಅರ್ಧ ವರ್ಷ ಒಂದು ಶಾಲೆ, ಉಳಿದರ್ಧ ತಗಡಿನ ಶೆಡ್ಡು. ಹೊಲದಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಮನೆಯವರಿಗೆ ಮಗುವಿನ ಕೈಯೂ ಬೇಕು. ಮುಂದಿನ ಜೂನ್‌ನಲ್ಲಿ ಯಾವ ಊರಿನಲ್ಲಿರುತ್ತೇವೆಂದು ತಂದೆಗೇ ತಿಳಿಯದಿರುವಾಗ, ಐದು ವರ್ಷದ ನಂತರದ ಫಲಕ್ಕಾಗಿ ಮಗು ಇಂದು ಶ್ರಮಪಡಬೇಕೆಂದು ಬಯಸುವುದು ಹೇಗೆ? ಈ ತಂದೆಗೆ ಮಗುವಿನ ಮೇಲೆ ಆಸೆ ಇಲ್ಲವೆಂದಲ್ಲ. ಆಸೆಯನ್ನು ದಿನನಿತ್ಯದ ಕ್ರಮವಾಗಿ ಮಾರ್ಪಡಿಸುವ ಶಕ್ತಿ ಆ ಬದುಕಿನಲ್ಲಿಲ್ಲ. ಕೂರಲು ಒಂದು ಮೂಲೆ, ಉರಿಯುವ ಒಂದು ದೀಪ, ಸಂಜೆ ಒಂದು ತಾಸು ಯಾರೂ ಕೆಲಸ ಹೇಳದ ಬಿಡುವು. ಸ್ಥಿತಿವಂತರ ಮನೆಯಲ್ಲಿ ಇವು ಯಾರ ಗಮನಕ್ಕೂ ಬಾರವು.

ಮನೆಯ ಹೊರಗಿನ ಸಮಾಜವೂ ಮಗುವಿನ ಅಂದಾಜನ್ನು ತಿದ್ದುತ್ತದೆ. ಉತ್ತರ ಪ್ರದೇಶದ ಗ್ರಾಮೀಣ ಹುಡುಗರಿಗೆ ಹಣದ ಬಹುಮಾನವಿಟ್ಟು ದಾರಿ ಹುಡುಕುವ ಒಗಟುಗಳನ್ನು ಬಿಡಿಸಲು ಕೊಟ್ಟ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರ ಅಧ್ಯಯನ ಇದಕ್ಕೆ ಸಾಕ್ಷಿ. ಜಾತಿ ಹೇಳದಿದ್ದಾಗ ದಲಿತ ಹುಡುಗರು ಮೇಲ್ಜಾತಿಯವರಿಗೆ ಸರಿಸಮವಾಗಿ ಒಗಟು ಬಿಡಿಸಿದರು. ಹೆಸರಿನೊಂದಿಗೆ ಜಾತಿಯನ್ನೂ ಎಲ್ಲರ ಮುಂದೆ ಕೂಗಿದಾಗ ಅವರ ಸಾಮರ್ಥ್ಯ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಬುದ್ಧಿ ಅದೇ, ಬಹುಮಾನ ಅದೇ. ಬದಲಾದದ್ದು, ಶ್ರಮಕ್ಕೆ ನ್ಯಾಯ ಸಿಗುತ್ತದೆ ಎಂಬ ನಂಬಿಕೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ನಂಬಿಕೆ ತಿರುಗಿದ್ದಕ್ಕೂ ನಿದರ್ಶನವಿದೆ. ಪಶ್ಚಿಮ ಬಂಗಾಳದಲ್ಲಿ ಪಂಚಾಯತಿಯ ಮುಖ್ಯಸ್ಥ ಸ್ಥಾನ ಎರಡು ಅವಧಿಗೆ ಮಹಿಳೆಯರಿಗೆ ಮೀಸಲಾಗಿದ್ದ ಹಳ್ಳಿಗಳಲ್ಲಿ, ಗಂಡುಮಕ್ಕಳ ಬಗ್ಗೆ ಮತ್ತು ಹೆಣ್ಣುಮಕ್ಕಳ ಬಗ್ಗೆ ಹೆತ್ತವರು ಇಟ್ಟುಕೊಂಡಿದ್ದ ಆಕಾಂಕ್ಷೆಗಳ ನಡುವಿನ ಅಂತರ ಕಾಲು ಭಾಗದಷ್ಟು ತಗ್ಗಿತ್ತು. ಶಾಲಾ ಶಿಕ್ಷಣದಲ್ಲಿನ ಅಂತರ ಅಳಿದೇಹೋಗಿತ್ತು. ಇದು 2012ರಲ್ಲಿ ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಪ್ರಕಟಿಸಿದ ಶೋಧ. ತಾಯ್ತಂದೆಯರಿಗೆ ಯಾರೂ ಉಪದೇಶ ಮಾಡಿರಲಿಲ್ಲ. ಹೆಂಗಸೊಬ್ಬಳು ಕುರ್ಚಿಯಲ್ಲಿ ಕುಳಿತು ಕಾಗದಕ್ಕೆ ಸಹಿ ಹಾಕುವುದನ್ನು ಕಂಡದ್ದೇ ಮನೆಯ ಮನೋಭಾವ ಬದಲಿಸಿತು. 1983ರ ಕಾಯಿದೆಯಲ್ಲೇ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟ ಕರ್ನಾಟಕಕ್ಕೆ ಈ ಶೋಧ ಅಚ್ಚರಿ ತರಬೇಕಿಲ್ಲ.

ರಾಜ್ಯದ ಹೆಣ್ಣುಮಕ್ಕಳ ಛಲಕ್ಕೆ ಇನ್ನೊಂದು ಮೂಲವೂ ಇದ್ದೀತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಬಾಲಕಿಯರು ನೂರಕ್ಕೆ 81, ಬಾಲಕರು 66 ಮಂದಿ ತೇರ್ಗಡೆಯಾದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಪಾಸಾದ ಹುಡುಗನಿಗೆ ಇನ್ನೊಂದು ಅವಕಾಶ, ನಪಾಸಾದ ಹುಡುಗಿಗೆ ವರನ ಹುಡುಕಾಟ ಎಂಬ ರೂಢಿ ಇನ್ನೂ ಅಳಿಯದ ಮನೆಗಳಲ್ಲಿ ಅಂಕಪಟ್ಟಿಯೇ ಆಕೆಯ ಏಕೈಕ ವಾದಪತ್ರ. ಭಯದಿಂದ ಹುಟ್ಟಿದ ಛಲವೂ ಅಂಕ ತರುತ್ತದೆ. ಅದನ್ನು ಕಂಡು ಸಮಾಜ ಬೀಗುವಂತಿಲ್ಲ.

ಮನೆಯಿಂದ ಸಿಗದುದನ್ನು ಇನ್ನೊಂದು ಮನೆ ಕೊಡಬಲ್ಲದೆಂಬುದನ್ನು ಕನ್ನಡ ನಾಡು ಮೊದಲಿನಿಂದ ಅರಿತಿದೆ. ವಾರಾನ್ನ ಉಂಡು ಓದಿದ ತಲೆಮಾರು, ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಬೆಳೆದ ತಲೆಮಾರು, ದೇವರಾಜ ಅರಸು ಅವರ ಕಾಲದಲ್ಲಿ ವಿಸ್ತಾರಗೊಂಡ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿದ ತಲೆಮಾರು ಈ ಮಾತಿಗೆ ಸಾಕ್ಷಿ. ವಾರಾನ್ನದ ಎಲ್ಲ ಬಾಗಿಲುಗಳು ಎಲ್ಲ ಜಾತಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಸರ್ಕಾರಿ ನಿಲಯಗಳ ಮಹತ್ವ ಇರುವುದೇ ಅಲ್ಲಿ. ಹೊತ್ತಿಗೆ ಊಟ, ಓದಲು ನಿಗದಿತ ಸಮಯ, ಜತೆಯಲ್ಲಿ ಓದುವ ಗೆಳೆಯರು, ನಾಳೆಯೂ ಇದೆಲ್ಲ ಇರುತ್ತದೆ ಎಂಬ ಭರವಸೆ. ಸಂಶೋಧಕರು ಹುಡುಕುತ್ತಿರುವ 'ಪ್ರೇರಣೆ'ಯ ಬಹುಭಾಗ ಈ ಸಾಮಾನ್ಯ ಸಂಗತಿಗಳಲ್ಲಿದೆ. ಪೂರ್ಣ ಅಂಕ ಪಡೆದ ರೈತನ ಮಗಳು ಓದಿದ್ದು ವಸತಿ ಶಾಲೆಯಲ್ಲಿ ಎಂಬ ವಿವರ, ಬಡತನ ಗೆದ್ದ ಕತೆಯ ಅಬ್ಬರದಲ್ಲಿ ಹಿಂದೆ ಸರಿಯಿತು. ಆಕೆಯ ಹೆತ್ತವರ ತ್ಯಾಗದಷ್ಟೇ ಆ ಶಾಲೆಯ ಸಂಜೆಯ ಓದಿನ ಗಂಟೆಯೂ ಸುದ್ದಿಯಾಗಬೇಕಿತ್ತು.

ಪರೀಕ್ಷಾ ಪದ್ಧತಿಯೂ ಮನೆಯ ಮನೋಭಾವವನ್ನು ಸ್ವಲ್ಪ ಸಡಿಲಿಸಬಲ್ಲದು. 2023–24ರ ಶೈಕ್ಷಣಿಕ ಸಾಲಿನಿಂದ ಕರ್ನಾಟಕದಲ್ಲಿ 'ಪೂರಕ ಪರೀಕ್ಷೆ' ಎಂಬ ಹೆಸರು ಹೋಗಿ, ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಉತ್ತಮ ಅಂಕವೇ ಉಳಿಯುತ್ತದೆ. ಮೌಲ್ಯಮಾಪನದ ಹೊರೆ, ಶಿಕ್ಷಕರ ರಜೆ ಕುರಿತ ಆಕ್ಷೇಪಗಳೇನೇ ಇರಲಿ, ಮೊದಲ ಸೋಲೇ ಕಡೆಯ ಮಾತಲ್ಲ ಎಂದು ಸರ್ಕಾರವೇ ಹೇಳಿದ್ದು ಸಣ್ಣ ಸಂಗತಿಯಲ್ಲ.

ಆದರೆ ವಸತಿ ಶಾಲೆಗಳ ಬಾಗಿಲು ಕಿರಿದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಮುಂತಾದ ವಸತಿ ಶಾಲೆಗಳ ಆರನೇ ತರಗತಿಗೆ ಸೇರಲು ಪ್ರವೇಶ ಪರೀಕ್ಷೆಯಿದೆ. ಐದನೇ ತರಗತಿಯ ಮಗು ಅದಕ್ಕೆ ಸಿದ್ಧವಾಗಬೇಕು. ಅದಕ್ಕೂ ಮೊದಲು ಅರ್ಜಿ ಕರೆದಿದ್ದಾರೆಂದು ಮನೆಯಲ್ಲಿ ಯಾರಿಗಾದರೂ ತಿಳಿಯಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಒಂದೆರಡು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಅಲೆಯಬೇಕು. ಪ್ರಕಟಣೆ ಹೊರಬೀಳುವ ವೇಳೆಗೆ ಗುಳೆ ಹೋದ ಕುಟುಂಬ ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿರುತ್ತದೆ. ಎರಡನೆಯ ಮನೆ ಯಾರಿಗೆ ಹೆಚ್ಚು ಅಗತ್ಯವೋ ಅವರ ಬಳಿಗೆ ಆ ಅರ್ಜಿ ನಮೂನೆಯನ್ನು ಕೊಂಡೊಯ್ಯುವ ಹೊಣೆ ಸದ್ಯಕ್ಕೆ ಊರಿನ ಶಾಲೆಯ ಮೇಷ್ಟರೊಬ್ಬರ ಆಸಕ್ತಿಯ ಮೇಲೆ ನಿಂತಿದೆ.